ಧ್ವನಿನಾಟಕ: ಗೂಡ್ಸ್ ಗಾಡಿ ತೆಗೆದ ಮೇಲೆ ದೃಶ್ಯ ಕೂತಿತು

ಅಂತೂ ನಮ್ಮ ಧ್ವನಿನಾಟಕದ ಮೂರನೇ ದೃಶ್ಯ ಮುಗಿಯಿತು. ರೆಕಾರ್ಡಿಂಗ್, ನಾಯ್ಸ್ ತೆಗೆಯೋದು ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ತಲೆ ತಿಂದದ್ದು ಒಂದೇ: ವಾಸನೆಯನ್ನು ಕೇಳಿಸೋದು ಹೇಗೆ?

ನಾಟಕಕ್ಕೆ ಆರಿಸಿಕೊಂಡದ್ದು ಖುಶ್ವಂತ್ ಸಿಂಗ್ ಅವರ ದೇಶವಿಭಜನೆಯ ಕಾದಂಬರಿ ‘ಟ್ರೇನ್ ಟು ಪಾಕಿಸ್ತಾನ್’ (1956). ಓದಿದವರಿಗೆ ಆ ಜಾಗ ನೆನಪಿರುತ್ತದೆ. ಗಡಿ ಹತ್ತಿರದ ಹಳ್ಳಿ ಮನೋ ಮಾಜ್ರಾಕ್ಕೆ ಆಚೆಯಿಂದ ಗಾಡಿಯೊಂದು ಬಂದು ನಿಲ್ಲುತ್ತದೆ. ಒಳಗೇನಿದೆ ಅಂತ ಯಾರೂ ಹೇಳೋದಿಲ್ಲ. ಊರವರಿಂದ ಕಟ್ಟಿಗೆ, ಸೀಮೆಎಣ್ಣೆ ಕೇಳಿ ಒಯ್ಯುತ್ತಾರೆ. ಸಂಜೆ ಗಾಳಿಯಲ್ಲಿ ಸುಟ್ಟ ವಾಸನೆ. ಯಾರೂ ಯಾರನ್ನೂ ಏನೂ ಕೇಳೋದಿಲ್ಲ. ಗಾಡಿ ತುಂಬ ಹೆಣಗಳಿದ್ದವು ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ.

ನಮ್ಮ ತಂಡದ ಒಬ್ಬರದ್ದು ಒಂದೇ ಹಟ: ‘ದೇಶ ಒಡದ ಕತಿರಿ ಸರ, ಚೀರಾಟ, ಬೆಂಕಿ ಸಪ್ಪಳ ಜಾಸ್ತಿ ಹಾಕ್ರಿ.’ ಹಾಕಿ ಕೇಳಿಸಿದೆ. ಜಾತ್ರೆಯಲ್ಲಿ ಮೈಕ್ ಮರೆತು ಬಂದ ಹಾಗಿತ್ತು. ಅವರೂ ಸುಮ್ಮನಾದರು.

ಕಾದಂಬರಿಯಲ್ಲಿ ಮೊದಲು ಕೆಡೋದು ಗಾಡಿಗಳ ಟೈಮು. ನಸುಕಿನ ಮೇಲ್ ಗಾಡಿ ಸಿಳ್ಳೆ ಹಾಕಿದರೆ ಮಸೀದಿ, ಗುರುದ್ವಾರ ಎರಡರಲ್ಲೂ ಪ್ರಾರ್ಥನೆ ಶುರು. ರಾತ್ರಿ ಗೂಡ್ಸ್ ಗಾಡಿ ಹೋದರೆ ಊರಿಗೆ ನಿದ್ದೆ. 1947ರ ಸೆಪ್ಟೆಂಬರ್‌ನಲ್ಲಿ ಆ ಗೂಡ್ಸ್ ಗಾಡಿಯೇ ನಿಂತುಹೋಗುತ್ತದೆ. ನನಗೆ ದಾರಿ ಸಿಕ್ಕಿದ್ದು ಇಲ್ಲೇ. ಮೊದಲೆರಡು ದೃಶ್ಯಗಳ ಕೊನೆಗೆ ಗೂಡ್ಸ್ ಗಾಡಿ ಓಡಿಸಿದೆ. ಮೂರನೆಯದರಲ್ಲಿ ಅದೇ ಹೊತ್ತಿಗೆ ಏನೂ ಇಲ್ಲ. ಜೀರುಂಡೆ, ಒಬ್ಬ ಮುದುಕನ ಕೆಮ್ಮು, ಅದೂ ಅರ್ಧಕ್ಕೆ ನಿಲ್ಲುತ್ತದೆ. ಕಿವಿ ಗಾಡಿಗಾಗಿ ಕಾಯುತ್ತಾ ಕೂರುತ್ತದೆ. ಸದ್ದನ್ನು ಪೂರ್ತಿ ಸೊನ್ನೆ ಮಾತ್ರ ಮಾಡಬೇಡಿ, ಫೈಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ!

ಆ ಗೂಡ್ಸ್ ಗಾಡಿಗೂ ಪಾಡು ಪಟ್ಟೆ. ಹುಬ್ಬಳ್ಳಿಯ ಉಣಕಲ್ ಹತ್ತಿರ ರೆಕಾರ್ಡ್ ಮಾಡಿದರೆ ಬರೀ ಸುಯ್ ಅನ್ನೋ ಸದ್ದು. ಈಗಿನ ಹಳಿಗಳನ್ನು ಬೆಸುಗೆ ಹಾಕಿ ಉದ್ದಕ್ಕೆ ಕೂಡಿಸಿರುತ್ತಾರೆ, ಹಳೇ ಕಟಕಟ ಎಲ್ಲಿಂದ ಬರಬೇಕು? ಗಾಡಿ ಹಳಿ ಬದಲಿಸೋ ಪಾಯಿಂಟ್ ದಾಟುವಾಗಿನ ಸದ್ದು ಕತ್ತರಿಸಿ ಸಾಲಾಗಿ ಅಂಟಿಸಿದೆ. ಉಗಿ ಎಂಜಿನ್ ಸಿಳ್ಳೆ ನಮ್ಮ ಮನೆ ಕುಕ್ಕರಿನದು, ಪಿಚ್ ಇಳಿಸಿದ್ದು. ಮೈಕಿಗೆ ಗಾಳಿ ತಡೆಯೋ ತುಪ್ಪಳದ ಕವರ್ ಕೇಳಿದರೆ ಅಂಗಡಿಯವನು ‘ನಾಳೆ ಬರ್ತದ್ರಿ’ ಅಂತ ಇನ್ನೂ ಹೇಳುತ್ತಲೇ ಇದ್ದಾನೆ. ಸದ್ಯಕ್ಕೆ ಹಳೇ ಉಣ್ಣೆ ಟೋಪಿಯೇ ಗತಿ.

ಅಂದ ಹಾಗೆ, ಮುಂದಿನ ನಾಟಕ ಮಂಟೋ ಅವರ ದೇಶವಿಭಜನೆಯದೇ ಕತೆ ‘ಟೋಬಾ ಟೇಕ್ ಸಿಂಗ್’. ಅದರಲ್ಲೊಬ್ಬ ಹುಚ್ಚ ಮರ ಹತ್ತಿ ಹಿಂದೂಸ್ತಾನ, ಪಾಕಿಸ್ತಾನದ ಬಗ್ಗೆ ಎರಡು ತಾಸು ಭಾಷಣ ಬಿಗಿಯುತ್ತಾನಲ್ವಾ? ಇಳಿ ಅಂದರೆ ಇನ್ನೂ ಮೇಲಕ್ಕೆ ಹತ್ತುತ್ತಾನೆ. ಅದನ್ನು ನಿಜವಾದ ಮರದ ಕೆಳಗಿನಿಂದಲೇ ರೆಕಾರ್ಡ್ ಮಾಡಬೇಕು. ಧಾರವಾಡದಲ್ಲಿ ಹಾರ್ನ್ ಕೇಳಿಸದ ಮರ ಯಾರ ಹಿತ್ತಲಲ್ಲಾದರೂ ಇದ್ದರೆ ತಿಳಿಸಿ. ಕೆಂಪಿರುವೆ ಇಲ್ಲದ್ದಾದರೆ ಇನ್ನೂ ಛಲೋ.