ಅತ್ತರ್ ಹಚ್ಚಿದ ಮೂರು ಗಂಟೆಯ ಮೇಲೆ

ಚಿಕ್ಕಮಗಳೂರಿನ ಎಂ.ಜಿ. ರೋಡಿನಲ್ಲಿ ಮೊನ್ನೆ ಬೇಸಿಗೆಗೆಂದು ಒಂದು ಹೂವಿನ ಅತ್ತರ್ ತೆಗೆದುಕೊಂಡೆ. 6 ಎಂಎಲ್‌ನ ರೋಲ್-ಆನ್ ಶೀಶೆ. ಮುಚ್ಚಳ ತೆಗೆದು ಮೂಸಿದರೆ ಥೇಟ್ ಕಿತ್ತಳೆ ಪೆಪ್ಪರ್‌ಮೆಂಟು. ಮುಖ ಸಿಂಡರಿಸಿದ್ದನ್ನು ನೋಡಿ ಅಂಗಡಿಯ ಹುಡುಗ, "ಶೀಶೆ ಮೂಸಬೇಡಿ ಅಕ್ಕಾ, ಕೈಗೆ ಹಚ್ಕೊಂಡು ಒಂದು ರೌಂಡ್ ಹೋಗಿ ಬನ್ನಿ. ಉಜ್ಜಬೇಡಿ" ಎಂದ. ತರಕಾರಿ ಮುಗಿಸಿ ಬರುವಷ್ಟರಲ್ಲಿ ಪೆಪ್ಪರ್‌ಮೆಂಟು ಹೋಗಿತ್ತು, ಹೂವು ಬಂದಿತ್ತು. ಕೊಂಡೆ.

ಭಾನುವಾರ ಮೂಡಿಗೆರೆಗೆ ಅಮ್ಮನ ಮನೆಗೆ ಹೊರಟಾಗ ಸರಿಯಾಗಿ ಪರೀಕ್ಷೆ ಮಾಡಿದೆ. ಸ್ನಾನ ಮಾಡಿ, ಮಣಿಕಟ್ಟಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ (ಚರ್ಮ ಒಣಗಿದ್ದರೆ ಪರಿಮಳ ಬೇಗ ಹೋಗುತ್ತದೆ, ನನ್ನದಂತೂ ಚಳಿಗಾಲ ಬೇಸಿಗೆ ಎನ್ನದೆ ಒಣಕಲು), ಅದರ ಮೇಲೆ ಅತ್ತರ್ ಹಚ್ಚಿದೆ, ಮೊಣಕೈ ಮಡಿಕೆಗೂ ಕುತ್ತಿಗೆಗೂ ಒಂಚೂರು. ಆಗ ಗಂಟೆ ಒಂಬತ್ತು.

ಮೊದಲ ಕಾಲು ಗಂಟೆ ಕಿತ್ತಳೆ ಸಿಪ್ಪೆ ಚಿವುಟಿದ ಹಾಗೆ. ಹಗುರವಾದ ವಾಸನೆ, ಮೈ ಬಿಸಿ ತಾಗಿದ ತಕ್ಷಣ ಹಾರಿಹೋಗುತ್ತದೆ. ಆಮೇಲೆ ಮಲ್ಲಿಗೆ. ಶುರುವಿನಲ್ಲಿ ಸ್ವಲ್ಪ ಜಾಸ್ತಿಯೇ ಸಿಹಿ, ಮದುವೆ ಮನೆ ಬಾಗಿಲಲ್ಲಿ ಪನ್ನೀರು ಎರಚಿಸಿಕೊಂಡು ಒಳಗೆ ಹೋದ ಹಾಗೆ. ಸ್ಪ್ರೇಯಲ್ಲಿ ಆಲ್ಕೋಹಾಲ್ ಇರುವುದರಿಂದ ಅದು ಹಾರುವಾಗ ವಾಸನೆಯನ್ನೂ ಎತ್ತಿಕೊಂಡು ಬಸ್ಸೆಲ್ಲ ತುಂಬಿಸುತ್ತದೆ. ಅತ್ತರ್ ಎಣ್ಣೆ, ಹಾಗಲ್ಲ, ಮೈಗೆ ಅಂಟಿಕೊಂಡು ಪಕ್ಕದಲ್ಲಿ ಕೂತವರಿಗಷ್ಟೇ ಗೊತ್ತಾಗುತ್ತದೆ. ಬೇಸಿಗೆಯ ಬಸ್ಸಿಗೆ ಇದೇ ವಾಸಿ.

ಆಲ್ದೂರು ದಾಟಿದ ಮೇಲೆ ಮಾತ್ರ ನನ್ನ ಪರೀಕ್ಷೆ ಕೆಟ್ಟಿತು. ವಾರದ ಹಿಂದೆ ಹೂಮಳೆ ಬಿದ್ದಿತ್ತಲ್ಲ, ಮಳೆಯಾಗಿ ಎಂಟ್ಹತ್ತು ದಿನಕ್ಕೆ ಕಾಫಿ ಹೂವು ಅರಳುತ್ತದೆ, ಎರಡೂ ಕಡೆ ತೋಟ ಬೆಳ್ಳಗೆ, ಕಿಟಕಿಯಲ್ಲಿ ಬರುವ ಗಾಳಿಯೆಲ್ಲ ಮಲ್ಲಿಗೆಯ ತಂಗಿಯಂಥ ಆ ಪರಿಮಳ, ಅದರಲ್ಲಿ ನನ್ನ ಮಣಿಕಟ್ಟು ಯಾವುದು ತೋಟ ಯಾವುದು ಅಂತ ತಿಳಿಯದೆ ಸುಮ್ನೆ ಕೂತೆ. ಪಕ್ಕದಲ್ಲಿ ಕಾಫಿ ಹೂವಿದ್ದಾಗ ಶೀಶೆಯ ಹೂವು ತೀರಾ ಬಡವಿ.

ಆದರೆ ಮಧ್ಯಾಹ್ನ ಅದು ಬೇರೆಯೇ ಆಯಿತು. ರಾತ್ರಿ ಮುಡಿದ ಮಲ್ಲಿಗೆ ಬೆಳಿಗ್ಗೆ ದಿಂಬಿನ ಮೇಲೆ ಬಾಡಿ ಬಿದ್ದಿರುತ್ತದಲ್ವಾ, ಆ ವಾಸನೆ. ಒಂಚೂರು ಕಮಟು, ಒಂಚೂರು ಎಣ್ಣೆತಲೆ, ಆದರೂ ಮತ್ತೆ ಮತ್ತೆ ಮೂಸಬೇಕು ಅನಿಸುತ್ತದೆ. ಮಲ್ಲಿಗೆಯಲ್ಲಿ ಇಂಡೋಲ್ ಅಂತ ಒಂದು ರಾಸಾಯನಿಕ ಇದೆ. ಅದೊಂದನ್ನೇ ಜಾಸ್ತಿ ಮೂಸಿದರೆ ಹೊಲಸು ನಾತ, ಚೂರೇ ಚೂರು ಇದ್ದರೆ ಹೂವಿಗೆ ಜೀವ. ಮೇಲಿನ ಸಿಹಿ ಹಾರಿದ ಮೇಲೆ ಇದು ತಲೆ ಎತ್ತುತ್ತದೆ. ಎಲೆ ಹಾಕಲು ಬಗ್ಗಿದಾಗ ಅಮ್ಮ, "ಯಾವತ್ತಿನ ಹೂವೇ ಅದು, ಬಾಡಿದೆ, ತೆಗಿ" ಎಂದಳು. ನಾನು ಹೂವನ್ನೇ ಮುಡಿದಿರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಮೂಗಿಗೆ ಅಭ್ಯಾಸವಾಗಿ, ಅತ್ತರ್ ಪೂರ್ತಿ ಹೋಯಿತು ಅಂದುಕೊಂಡು ಇನ್ನೊಂದು ಸಲ ಹಚ್ಚಲು ಶೀಶೆ ಹುಡುಕುತ್ತಿದ್ದೆ! ಇದೊಂದು ತಪ್ಪು ಎಲ್ಲರೂ ಮಾಡುತ್ತೇವೆ.

ಸಂಜೆಗೆ ಉಳಿದದ್ದು ಗಂಧ. ಶೀಶೆಯ ಮೇಲೆ ಹಾಗೆ ಬರೆದಿದೆ, ನನಗೆ ನಂಬಿಕೆಯಿಲ್ಲ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನ ಹಳೆ ಪದ್ಧತಿಯಲ್ಲಿ ಹೂವಿನ ಆವಿಯನ್ನು ನೇರವಾಗಿ ಗಂಧದೆಣ್ಣೆಗೇ ಇಳಿಸುತ್ತಾರೆ, ಭಾರವಾದ ಆ ಎಣ್ಣೆ ಹೂವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಈಗ ಗಂಧದೆಣ್ಣೆಯ ರೇಟು ಗೊತ್ತಿದ್ದವರು ಯಾರೂ 250 ರೂಪಾಯಿಯ ಶೀಶೆಯಲ್ಲಿ ಅದನ್ನು ಹುಡುಕುವುದಿಲ್ಲ. ನಕಲಿಯೋ ಏನೋ, ರಾತ್ರಿ ಮಲಗುವಾಗಲೂ ಮೊಣಕೈ ಮಡಿಕೆಯಲ್ಲಿ ತಣ್ಣಗೆ ಇತ್ತು.

ಕುತ್ತಿಗೆಗೆ ಹಚ್ಚಿದ್ದು ಮಾತ್ರ ರೇಷ್ಮೆ ಬ್ಲೌಸಿನ ಅಂಚಿಗೆ ತಾಗಿ ಎಣ್ಣೆಕಲೆ ಆಗಿದೆ. ಪೌಡರ್ ಉದುರಿಸಿ ಎರಡು ದಿನ ಇಟ್ಟೆ, ಹೋಗಿಲ್ಲ.