ಬಡಾವಣೆಯ ಮಾದರಿ ಚೀಟಿ ಇಡುವ ಹಂತಕ್ಕೆ ಬಂತು

ಹಿಂದಿನ ಸಲ ಬರೆದಾಗ ಬರೀ ನಕ್ಷೆ ಇತ್ತು. ಈಗ ಮಾದರಿ ಮೇಜಿನ ಮೇಲೆ ಕೂತಿದೆ. ಜನ ಬಂದು ತಮಗೆ ಏನು ಬೇಕು ಅಂತ ಹೇಳುವ ಚೀಟಿಯನ್ನು ಅದರ ಮೇಲೆ ಇಡೋದಕ್ಕೂ ಶುರು ಮಾಡಿದ್ದಾರೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಬಡಾವಣೆಯ ನಡುವೆ ಖಾಲಿ ಬಿದ್ದಿರುವ ಒಂದು ಜಾಗ, ಅದರ ಪಕ್ಕದ ರಸ್ತೆ. ಇವನ್ನು ಏನು ಮಾಡಬೇಕು ಅಂತ ಅಲ್ಲಿ ಇರುವವರೇ ಹೇಳಬೇಕು. ಆದರೆ ಸಭೆ ಕರೆದು ಮೈಕ್ ಕೊಟ್ಟರೆ ಯಾರು ಮಾತಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅದೇ ನಾಲ್ಕು ಜನ. ಉಳಿದವರು ಸುಮ್ನೆ ಕೂತು ಎದ್ದು ಹೋಗುತ್ತಾರೆ. ಅದಕ್ಕೇ ನಾನು ಹಿಡಿದ ದಾರಿ ‘ಪ್ಲಾನಿಂಗ್ ಫಾರ್ ರಿಯಲ್’. 1970ರ ದಶಕದಲ್ಲಿ ಬ್ರಿಟನ್ನಿನ ಟೋನಿ ಗಿಬ್ಸನ್ ರೂಪಿಸಿದ್ದು. ಜಾಗದ ಮಾದರಿಯನ್ನು ಜನರೇ ಸೇರಿ ಮಾಡಬೇಕು, ಏನು ಬೇಕೋ ಆ ಚೀಟಿಯನ್ನು ಎಲ್ಲಿ ಬೇಕೋ ಅಲ್ಲಿ ಇಡಬೇಕು, ಒಪ್ಪದವರು ಆ ಚೀಟಿಯನ್ನು ಮಗುಚಿ ಹಾಕಬಹುದು. ಯಾರು ಇಟ್ಟಿದ್ದು, ಯಾರು ಮಗುಚಿದ್ದು ಅಂತ ಯಾರೂ ಕೇಳುವ ಹಾಗಿಲ್ಲ.

ಅಳತೆ 1:200. ಇದನ್ನು ಆರಿಸಿಕೊಳ್ಳೋದಕ್ಕೆ ಕಾರಣ ಲೆಕ್ಕ ಸುಲಭ ಅನ್ನೋದು. 300 ಮೀಟರ್ ಉದ್ದ, 200 ಮೀಟರ್ ಅಗಲದ ಪ್ರದೇಶ ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ಮೇಜಿಗೆ ಇಳಿಯುತ್ತದೆ, ಅಂದರೆ ಎರಡು ಕಡೆಯಿಂದ ಕೈ ಚಾಚಿದರೆ ನಡುವಿನವರೆಗೂ ಮುಟ್ಟಬಹುದು. ಜನರೇ ಸೇರಿ ಮಾಡಿದ ಉಚಿತ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ, ಕಟ್ಟಡಗಳ ಗೆರೆ ತೆಗೆದು ಎ3 ಹಾಳೆಗಳಲ್ಲಿ ಮುದ್ರಿಸಿ ಜೋಡಿಸಿದ್ದಾಯಿತು. ಕಟ್ಟಡಗಳಿಗೆ 15 ಮಿಲಿಮೀಟರ್ ದಪ್ಪದ ಥರ್ಮೋಕೋಲ್. ಒಂದು ಮಹಡಿಗೆ 3 ಮೀಟರ್ ಅಂತ ಹಿಡಿದರೆ ಒಂದು ಹಲಗೆ ಒಂದು ಮಹಡಿ, ಎಣಿಸಿ ಅಂಟಿಸಿದರೆ ಮುಗಿಯಿತು. ಈ ಕೆಲಸವನ್ನು ಬಹುಪಾಲು ಮಕ್ಕಳೇ ಮಾಡಿದರು. ಮಾದರಿ ಚೊಕ್ಕವಾಗಿಲ್ಲ, ಅಲ್ಲಲ್ಲಿ ಅಂಟು ಕಾಣುತ್ತದೆ. ಅದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ತುಂಬಾ ನುಣುಪಾಗಿದ್ದರೆ ಎಲ್ಲ ಮೊದಲೇ ತೀರ್ಮಾನ ಆಗಿಹೋಗಿದೆ ಅಂತ ಅನ್ನಿಸಿ ಜನ ಕೈ ಹಾಕುವುದಿಲ್ಲ.

ಬಂದವರೆಲ್ಲ ಮೊದಲು ಹುಡುಕೋದು ತಮ್ಮ ಮನೆ. ಸಿಕ್ಕ ಮೇಲೆ ಬಾಯಿ ಬಿಡುತ್ತಾರೆ. ಮಳೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ತಿರುವಿನಲ್ಲಿ ರಾತ್ರಿ ಹೆದರಿ ಹೆಜ್ಜೆ ಜೋರಾಗುತ್ತದೆ, ಇದೆಲ್ಲ ಯಾವ ನಕ್ಷೆಯಲ್ಲೂ ಇರುವುದಿಲ್ಲ ಅಲ್ವಾ? ನೀರು ನಿಲ್ಲುವ ಜಾಗಗಳಿಗೆ ನೀಲಿ ದಾರ ಹಾಕುತ್ತಾ ಹೋದೆವು. ದಾರಗಳೆಲ್ಲ ಒಂದೇ ಮೂಲೆಯ ಕಡೆ ಸಾಗಿದವು. ಆ ಮೂಲೆಯಲ್ಲಿ ಯಾರೋ ಇಟ್ಟಿದ್ದ ‘ಪಾರ್ಕಿಂಗ್’ ಚೀಟಿಯನ್ನು ಸ್ವಲ್ಪ ಹೊತ್ತಿನಲ್ಲೇ ಇನ್ಯಾರೋ ಮಗುಚಿದ್ದರು.

ಪಾರ್ಕಿಂಗ್ ಜಗಳ ಮಾತ್ರ ಅಷ್ಟಕ್ಕೆ ಮುಗಿಯಲಿಲ್ಲ. ರಸ್ತೆ ಬದಿಯಲ್ಲಿ ಮರ ಬೇಕು ಅನ್ನುವವರು, ಕಾರಿಗೆ ಜಾಗ ಬೇಕು ಅನ್ನುವವರು. ರಟ್ಟಿನಲ್ಲಿ ಅಳತೆಗೆ ಸರಿಯಾಗಿ ಕಾರು ಕತ್ತರಿಸಿ ಕೊಟ್ಟೆ. ರಸ್ತೆಗೆ ಸಾಲಾಗಿ ನಿಲ್ಲಿಸಿ ತೆಗೆಯಲು ಒಂದು ಕಾರಿಗೆ ಸುಮಾರು 6 ಮೀಟರ್ ಬೇಕು, ಮಾದರಿಯಲ್ಲಿ 3 ಸೆಂಟಿಮೀಟರ್. 50 ಮೀಟರ್ ಅಂಚಿನಲ್ಲಿ ಎಂಟು ಕಾರು ನಿಂತವು. ಇಷ್ಟೇನಾ ಅಂತ ಒಬ್ಬರು ಮತ್ತೆ ಮತ್ತೆ ಜೋಡಿಸಿ ನೋಡಿದರು. ಬಾಯಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಇದೇ ರೀತಿ ಗಾಲಿಕುರ್ಚಿಗೂ ಒಂದು ಬಿಲ್ಲೆ ಮಾಡಿದೆ. ಗಾಲಿಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್ ಅಡ್ಡಳತೆಯ ಜಾಗ ಬೇಕು, ಅಂದರೆ ಮಾದರಿಯಲ್ಲಿ ಏಳೂವರೆ ಮಿಲಿಮೀಟರಿನ ಬಿಲ್ಲೆ. ಅದನ್ನು ಫುಟ್‌ಪಾತ್ ಮೇಲೆ ತಳ್ಳುತ್ತಾ ಹೋದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. ಕಂಬ, ಕಂಬ, ಟ್ರಾನ್ಸ್‌ಫಾರ್ಮರ್, ಮತ್ತೆ ಕಂಬ.

ಖಾಲಿ ಜಾಗದ್ದು ಬೇರೆ ಕತೆ. ಹುಡುಗರ ಗುಂಪು ಬಂದು ಇಡೀ ಜಾಗದ ತುಂಬಾ ಆಟದ ಮೈದಾನದ ಚೀಟಿ ಹರಡಿ ಹೋಯಿತು. ಆಮೇಲೆ ಬಂದ ಹುಡುಗಿಯರು ಅಂಚಿನಲ್ಲಿ ಒಂದೆರಡು ಬೆಂಚು ಇಟ್ಟು ಸುಮ್ಮನಾದರು. ವಿಯೆನ್ನಾದಲ್ಲಿ 1990ರ ದಶಕದಲ್ಲಿ ಇದನ್ನೇ ಗಮನಿಸಿದ್ದರು. ಸುಮಾರು ಒಂಬತ್ತು, ಹತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಪಾರ್ಕಿಗೆ ಬರೋದೇ ಕಡಿಮೆಯಾಗುತ್ತಿತ್ತು, ಹಾಗಾಗಿ ದೊಡ್ಡ ಬಯಲನ್ನು ಸಣ್ಣ ಭಾಗಗಳಾಗಿ ಮಾಡಿ, ಬೇರೆ ಬೇರೆ ಆಟಗಳಿಗೆ ಜಾಗ ಕೊಟ್ಟು ನೋಡಿದರು. ಅದಕ್ಕೇ ನಾನೂ ಹುಡುಗಿಯರಿಗೆ ಅಂತಲೇ ಒಂದು ಸಂಜೆ ಇಟ್ಟೆ. ಅವತ್ತು ಮೈದಾನ ಮೂರು ಭಾಗವಾಯಿತು. ಒಂದು ಕಡೆ ಬ್ಯಾಡ್ಮಿಂಟನ್, ಇನ್ನೊಂದು ಕಡೆ ಎದುರುಬದುರು ಕೂರುವ ಆಸನ, ಒಳಗೆ ಬರಲು ಒಂದರ ಬದಲು ಮೂರು ದಾರಿ. ಒಳ್ಳೆಯ ವಿನ್ಯಾಸ ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲವೇನೋ.

ಒಂದು ವಿಷಯ ಮಾತ್ರ ನನಗೆ ಕೊರೆಯುತ್ತಿದೆ. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿಂಗಡಿಸಿದ್ದರು. ಕೆಳಗೆ ಜನರನ್ನು ನೆಪಕ್ಕೆ ಕೂರಿಸುವುದು, ಮೇಲೆ ಜನರ ಕೈಯಲ್ಲೇ ಅಧಿಕಾರ. ಅಭಿಪ್ರಾಯ ಕೇಳೋದು ನಾಲ್ಕನೇ ಮೆಟ್ಟಿಲು. ನಾವು ಈಗ ನಿಂತಿರೋದು ಅಲ್ಲೇ, ಯಾಕಂದರೆ ಖರ್ಚು ಮಾಡುವ ಅಧಿಕಾರ ಈ ಮೇಜಿನ ಸುತ್ತ ಯಾರಿಗೂ ಇಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ನಗರದ ಬಜೆಟ್ಟಿನ ಒಂದು ಭಾಗವನ್ನೇ ಜನರ ಸಭೆಗಳ ಮುಂದೆ ಇಟ್ಟರು. ದುಡ್ಡು ಮೇಜಿಗೆ ಬಂದರೆ ಚೀಟಿಯ ತೂಕವೇ ಬೇರೆ.

ಈಗ ಚೀಟಿಗಳನ್ನು ‘ಈಗಲೇ’, ‘ಸ್ವಲ್ಪ ದಿನದಲ್ಲಿ’, ‘ಮುಂದೆ’ ಅಂತ ಬೇರ್ಪಡಿಸುತ್ತಿದ್ದೇವೆ. ಯಾವುದನ್ನು ನಾವೇ ಮಾಡಬಹುದು, ಯಾವುದಕ್ಕೆ ಆಡಳಿತ ಬೇಕು ಅಂತಲೂ ಗುರುತು ಹಾಕುತ್ತಿದ್ದೇವೆ. ಪ್ರತಿ ಚೀಟಿ ಏನಾಯಿತು, ಬೇಡ ಅಂದಿದ್ದರೆ ಯಾಕೆ ಅಂತ ಒಂದು ಹಲಗೆಯಲ್ಲಿ ಬರೆದು ನಿಲ್ಲಿಸುತ್ತೇವೆ. ಇದನ್ನು ಬಿಟ್ಟರೆ ಮುಂದಿನ ಸಲ ಒಬ್ಬರೂ ಬರುವುದಿಲ್ಲ.

ಆಮೇಲಿನ ಕೆಲಸ ರಸ್ತೆಯ ಮೇಲೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 2009ರಲ್ಲಿ ವಾಹನ ಓಡಾಟ ಬಂದ್ ಮಾಡಿ, ಅಗ್ಗದ ಮಡಚುವ ಕುರ್ಚಿ ಹಾಕಿ ನೋಡಿದರು, ಮರುವರ್ಷ ಅದನ್ನೇ ಕಾಯಂ ಮಾಡಿದರು. ನಮ್ಮದು ಅಷ್ಟು ದೊಡ್ಡದಲ್ಲ. ಸುಣ್ಣದ ಗೆರೆ, ಕುಂಡದ ಗಿಡ, ಒಂದಿಷ್ಟು ಕುರ್ಚಿ. ಒಂದು ವಾರಾಂತ್ಯ ರಸ್ತೆಯ ಅರ್ಧ ಮುಚ್ಚಲು ಅರ್ಜಿ ಕೊಟ್ಟಿದ್ದೇನೆ. ಅನುಮತಿ ಬಂದರೆ ಗೆರೆ ಎಳೆಯಲು ಉದ್ದದ ಟೇಪು, ಹಗ್ಗ, ಬೆಳಿಗ್ಗೆ ಬೇಗ ಏಳುವ ಒಂದಷ್ಟು ಜನ ಬೇಕಾಗುತ್ತಾರೆ.