ಹಿಮ ಬೀಳುವ ಮುಂಚೆ ಒಂದು ಲಾರಿ, ಬಿದ್ದ ಮೇಲೆ 450 ಹೆಗಲು

ಮುನ್ನೂರು ಜನರ ಒಂದು ಹಳ್ಳಿ ಎಂದುಕೊಳ್ಳಿ. ಕಾಶ್ಮೀರದ ಗುರೇಜ್ ಕಣಿವೆಯಲ್ಲೋ, ಲಡಾಖಿನ ಝಂಸ್ಕಾರ್‌ನಲ್ಲೋ ಇದೆ. ಪಡಿತರದ ಲೆಕ್ಕದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಹಿಡಿದರೆ ಆರು ತಿಂಗಳಿಗೆ 9,000 ಕಿಲೋ ಆಯಿತು. ಅಕ್ಟೋಬರ್‌ನಲ್ಲಾದರೆ ಅದು ಒಂದೇ ಲಾರಿಯ ಲೋಡು. ಜನವರಿಯಲ್ಲಿ ಅದೇ ಧಾನ್ಯವನ್ನು ಹೆಲಿಕಾಪ್ಟರಿನಲ್ಲಿ ಒಯ್ಯಬೇಕಾದರೆ, ಆ ಎತ್ತರದಲ್ಲಿ ಒಂದು ಟ್ರಿಪ್ಪಿಗೆ ಒಂದೂವರೆ ಟನ್ ಎಂದು ಉದಾರವಾಗಿ ಹಿಡಿದರೂ ಆರು ಹಾರಾಟ ಬೇಕು, ಆರಕ್ಕೂ ಹವಾಮಾನ ಕೂಡಿಬರಬೇಕು. ಜನ ಹೊತ್ತು ಸಾಗಿಸುವುದಾದರೆ, ಹಿಮದ ದಾರಿಯಲ್ಲಿ ಒಬ್ಬರಿಗೆ 20 ಕಿಲೋ ಮೇಲೆ ಹೊರಿಸಬಾರದು. 450 ಹೆಗಲು ಬೇಕು, ಹೊರುವವರ ಊಟ ಬೇರೆ.

ಚಳಿಗಾಲದಲ್ಲಿ ಹಿಮಕ್ಕೆ ಕಡಿದುಹೋಗುವ ಹಿಮಾಲಯದ ಹಳ್ಳಿಗಳಿಗೆ ನೆರವು ಮುಟ್ಟಿಸುವುದರಲ್ಲಿ ಮುಕ್ಕಾಲು ಪಾಲು ಕೆಲಸ ಹಿಮ ಬೀಳುವ ಮುಂಚಿನದು. ಸರ್ಕಾರಗಳಿಗೆ ಇದು ಗೊತ್ತು. ರಾಜ್ದಾನ್ ಕಣಿವೆದಾರಿ ಮುಚ್ಚಿದರೆ ಗುರೇಜ್, ಸಾಧ್ನಾ ಮುಚ್ಚಿದರೆ ಕರ್ನಾಹ್ ಕಡಿದುಹೋಗುತ್ತವೆ ಎಂದು ತಿಂಗಳುಗಟ್ಟಲೆ ರೇಷನ್ನನ್ನು ಮೊದಲೇ ಅಲ್ಲಿಗೆ ಸಾಗಿಸಿ ಇಡುತ್ತಾರೆ. ಹಿಮಾಚಲದ ಲಾಹೌಲ್ ಕೂಡ ಹೀಗೇ ಇತ್ತು. 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಸುಮಾರು 3,980 ಮೀಟರ್ ಎತ್ತರದ ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿತು. ಆದರೆ ಸುರಂಗದ ಬಾಯಿಯಿಂದ ಹಳ್ಳಿಯವರೆಗಿನ ರಸ್ತೆಯ ಮೇಲೆ ಹಿಮರಾಶಿ ಕುಸಿದರೆ ಸುರಂಗ ಇದ್ದೂ ಪ್ರಯೋಜನವಿಲ್ಲ. ಕೆಲವೊಮ್ಮೆ ಹಿಮ ಕ್ಯಾಲೆಂಡರ್ ನೋಡುವುದೂ ಇಲ್ಲ. 2018ರಲ್ಲಿ ಸೆಪ್ಟೆಂಬರ್ ಮೂರನೇ ವಾರ ಕಳೆಯುತ್ತಿದ್ದಂತೆಯೇ ಲಾಹೌಲ್‌ನಲ್ಲಿ ಭಾರಿ ಹಿಮ ಬಿದ್ದು, ಸಿಕ್ಕಿಬಿದ್ದವರನ್ನು ವಾಯುಪಡೆಯ ಹೆಲಿಕಾಪ್ಟರ್ ತಂದು ಹೊರಗೆ ಸಾಗಿಸಬೇಕಾಯಿತು. ಹಾಗಾಗಿ ದಾಸ್ತಾನಿನ ಗಡುವನ್ನು ನವೆಂಬರ್ ಅಲ್ಲ, ಸೆಪ್ಟೆಂಬರ್ ಮಧ್ಯಕ್ಕೆ ಇಟ್ಟುಕೊಳ್ಳುವುದೇ ಕ್ಷೇಮ.

ಇಷ್ಟಾಗಿಯೂ ನಡುಚಳಿಗಾಲದಲ್ಲಿ ತುರ್ತು ಬಂದೇ ಬರುತ್ತದೆ. ಆಗ ಮೊದಲ ಫೋನು ಜಿಲ್ಲಾ ನಿಯಂತ್ರಣ ಕೊಠಡಿಗೆ, 1077. ನೇರವಾಗಿ ಲಾರಿ ತುಂಬಿಸಿಕೊಂಡು ಹೊರಟವರು ಮನಾಲಿಯಲ್ಲೋ ಸೋನಮರ್ಗ್‌ನಲ್ಲೋ ವಾರಗಟ್ಟಲೆ ಕಾದು, ಹಿಮ ತೆಗೆಯುವ ಯಂತ್ರಗಳಿಗೇ ಅಡ್ಡವಾಗಿ ನಿಂತಿರುತ್ತಾರೆ. ಇನ್ನೊಂದು ಮಾತು: ಸ್ಯಾಟಲೈಟ್ ಫೋನ್ ಎಲ್ಲಿಂದಲೋ ತರಿಸಿಕೊಂಡು ಹೋಗಬೇಡಿ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ಗಡಿ ಜಿಲ್ಲೆಗಳಲ್ಲಂತೂ ಕೇಳುವುದೇ ಬೇಡ. ಆಡಳಿತ, ಪೊಲೀಸ್, ಸೇನೆಯ ಸೆಟ್ಟುಗಳ ಮೂಲಕವೇ ಮಾತಾಡಬೇಕು.

ಹಳ್ಳಿಯ ಕಡೆಯಿಂದ ಬರಬೇಕಾದ ಮಾಹಿತಿ ಚಿಕ್ಕದು. ಲಡಾಖಿನಲ್ಲಾದರೆ ಗೋಬಾ (ಊರಿನ ಮುಖಂಡ), ಹಿಮಾಚಲದಲ್ಲಾದರೆ ಪಂಚಾಯಿತಿ ಪ್ರಧಾನರು ಹೇಳಬಲ್ಲರು. ಎಷ್ಟು ಒಲೆ ಉರಿಯುತ್ತಿವೆ, ಐದು ವರ್ಷದೊಳಗಿನ ಮಕ್ಕಳೆಷ್ಟು, ಏಳು ತಿಂಗಳು ತುಂಬಿದ ಗರ್ಭಿಣಿಯರು ಯಾರು, ಸಕ್ಕರೆ ಕಾಯಿಲೆ-ಬಿಪಿ-ಅಪಸ್ಮಾರದ ಮಾತ್ರೆ ಎಷ್ಟು ದಿನಕ್ಕಿದೆ, ಜಾನುವಾರು ಎಷ್ಟು, ಸೌದೆ-ಸೀಮೆಎಣ್ಣೆ ಎಷ್ಟು ದಿನಕ್ಕೆ ಬರುತ್ತದೆ. ಜನಸಂಖ್ಯೆಗಿಂತ ಒಲೆಯ ಲೆಕ್ಕ ನಂಬಿಕೆಗೆ ಅರ್ಹ, ಏಕೆಂದರೆ ಚಳಿಗಾಲದಲ್ಲಿ ಎಷ್ಟೋ ಮನೆಯವರು ಕೆಳಗಿನ ಊರುಗಳಿಗೆ ಇಳಿದಿರುತ್ತಾರೆ, ಪಡಿತರ ಚೀಟಿಯಲ್ಲಿ ಮಾತ್ರ ಎಲ್ಲರೂ ಇರುತ್ತಾರೆ.

ಈಗ ಮೂಟೆಯ ಒಳಗೆ ಏನಿರಬೇಕು ಎಂಬ ಮಾತು. ತಪ್ಪುಗಳು ಹೆಚ್ಚು ಆಗುವುದು ಇಲ್ಲೇ.

ಸಾಮಾನ್ಯ ತುರ್ತಿನಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲರಿ ಎಂಬುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಸರಾಸರಿ ತಾಪಮಾನ 20 ಡಿಗ್ರಿಗಿಂತ ಕೆಳಗೆ ಇಳಿದಂತೆ ಪ್ರತಿ 5 ಡಿಗ್ರಿಗೆ 100 ಸೇರಿಸಬೇಕು. ಸೊನ್ನೆ ಡಿಗ್ರಿಯಲ್ಲಿ 2,500 ಆಯಿತು. ಈ ಹೆಚ್ಚುವರಿ 400ನ್ನು ಅಕ್ಕಿಯಲ್ಲಿ ಕೊಡಲು ಹೋದರೆ ಭಾರ ಏರುತ್ತದೆ, ಕೊಬ್ಬಿನಲ್ಲಿ ಕೊಟ್ಟರೆ 45 ಗ್ರಾಂ ಸಾಕು. ಅಂದರೆ ತಲೆಗೆ ತಿಂಗಳಿಗೆ 1.3 ಕಿಲೋ ಎಣ್ಣೆ ಅಥವಾ ತುಪ್ಪ. ನಮ್ಮ ಕಡೆಯಿಂದ ಹೋಗುವ ಪಾಮೊಲಿನ್ ಪ್ಯಾಕೆಟ್ಟು ಅಲ್ಲಿ ಕಲ್ಲಾಗುತ್ತದೆ, ಕೊಬ್ಬರಿ ಎಣ್ಣೆಯ ಪಾಡು ನಮಗೇ ಡಿಸೆಂಬರ್‌ನಲ್ಲಿ ಗೊತ್ತು. ಸಾಸಿವೆ ಎಣ್ಣೆ ಚಳಿಗೆ ತಾಳುತ್ತದೆ, ಅಲ್ಲಿಯವರ ಅಡುಗೆಗೂ ಅದೇ ರೂಢಿ.

ಬೇಳೆಯ ವಿಷಯದಲ್ಲಿ ನಮ್ಮ ತೊಗರಿಪ್ರೀತಿ ಬಿಡಬೇಕು. 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೊಗರಿ, ಕಡಲೆ, ರಾಜ್ಮಾ ಎಷ್ಟು ಬೇಯಿಸಿದರೂ ಕಚಕಚ ಎನ್ನುತ್ತವೆ, ಉರುವಲು ಮಾತ್ರ ಮುಗಿಯುತ್ತದೆ. ನೆನೆಹಾಕೋಣವೆಂದರೆ ರಾತ್ರಿಯೊಳಗೆ ಪಾತ್ರೆಯ ನೀರೇ ಹೆಪ್ಪುಗಟ್ಟಿರುತ್ತದೆ. ಮಸೂರ್, ಸಿಪ್ಪೆ ತೆಗೆದ ಹೆಸರುಬೇಳೆ ಬೇಗ ಬೇಯುತ್ತವೆ. ಅದಕ್ಕಿಂತ ಮೇಲು ಹುರಿದ ಬಾರ್ಲಿಹಿಟ್ಟು, ಅಲ್ಲಿಯ ತ್ಸಂಪಾ. ಬಿಸಿ ಚಹಾಕ್ಕೆ ಕಲಸಿದರೆ ಊಟವಾಯಿತು. ಅದು ಸಿಗದಿದ್ದರೆ ಬಿಹಾರದ ಸತ್ತು (ಹುರಿದ ಕಡಲೆಯ ಹಿಟ್ಟು) ಅಥವಾ ನಮ್ಮ ಹುರಿಹಿಟ್ಟು. ಕುಟುಂಬಕ್ಕೊಂದು ಪ್ರೆಶರ್ ಕುಕ್ಕರ್ ಇದೆಯೇ ಎಂದು ಕೇಳಿಕೊಳ್ಳಿ, ಇದ್ದರೆ ಗ್ಯಾಸ್ಕೆಟ್ ಕಳಿಸಿ. ಒಂದು ರಬ್ಬರ್ ಬಳೆಯಿಂದ ಉಳಿಯುವ ಸೌದೆ ಕಡಿಮೆಯಲ್ಲ.

ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ರೂಪಿಸಿದಂಥ ತಿನ್ನಲು ಸಿದ್ಧವಾದ ಪೊಟ್ಟಣಗಳಿಗೆ ಒಂದು ನಿರ್ದಿಷ್ಟ ಜಾಗವಿದೆ: ಮೊದಲ ಎರಡು-ಮೂರು ದಿನ, ಅಡುಗೆ ಮಾಡಿಕೊಳ್ಳಲಾಗದೆ ಸಿಕ್ಕಿಬಿದ್ದ ಪ್ರಯಾಣಿಕರಿಗೆ. ಪೊಟ್ಟಣ ಹೆಪ್ಪುಗಟ್ಟಿದರೂ ಕೆಡುವುದಿಲ್ಲ, ಕುದಿವ ನೀರಿನಲ್ಲಿ ಮುಳುಗಿಸಿಟ್ಟರೆ ಬಿಸಿಯಾಗುತ್ತದೆ, ಆ ನೀರು ಮತ್ತೊಂದು ಕೆಲಸಕ್ಕೆ ಉಳಿಯುತ್ತದೆ. ಆದರೆ ಉಪ್ಪಿಟ್ಟಾಗಲಿ ಪಲಾವ್ ಆಗಲಿ, ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ವಾರಗಟ್ಟಲೆಯ ಆಹಾರವಾಗಿ ಅದನ್ನು ಹಾರಿಸಿದರೆ ಹಿಮದ ನಾಡಿಗೆ ನೀರು ಹೊತ್ತಂತಾಗುತ್ತದೆ. ಬಾಟಲಿ ನೀರಿಗೂ ಇದೇ ಮಾತು. ಹೆಪ್ಪುಗಟ್ಟುವಾಗ ನೀರು ಶೇ 9ರಷ್ಟು ಹಿಗ್ಗಿ ಬಾಟಲಿ ಸೀಳುತ್ತದೆ.

ನೀರು ಬೇಕಾದರೆ ಉರುವಲು ಕಳಿಸಬೇಕು. ಮೈನಸ್ 10 ಡಿಗ್ರಿಯ ಒಂದು ಕಿಲೋ ಹಿಮವನ್ನು ಕರಗಿಸಿ ಕುದಿಸಲು ಸುಮಾರು 730 ಕಿಲೋಜೂಲ್ ಬೇಕು. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 35,000 ಕಿಲೋಜೂಲ್ ಇದೆ, ಸ್ಟವ್ ಅದರಲ್ಲಿ ಅರ್ಧಕ್ಕಿಂತ ಕಡಿಮೆಯನ್ನೇ ಪಾತ್ರೆಗೆ ಮುಟ್ಟಿಸುತ್ತದೆ. ಲೆಕ್ಕಕ್ಕೆ 20 ಲೀಟರ್ ನೀರು ಬರುತ್ತದೆ, ಗಾಳಿಯ ಹೊಡೆತದಲ್ಲಿ 15 ಎಂದು ಹಿಡಿದರೆ ಮೋಸವಿಲ್ಲ. ಬರಿಯ ಹಿಮ ತುಂಬಿದ ಪಾತ್ರೆಯನ್ನು ಉರಿಯ ಮೇಲಿಟ್ಟರೆ ತಳ ಸೀಯುತ್ತದೆ, ಕೆಳಗೆ ಒಂದಿಷ್ಟು ನೀರಿರಲೇಬೇಕು. ಅಡುಗೆ ಅನಿಲದ ಸಿಲಿಂಡರ್ ಇಲ್ಲಿ ದುಬಾರಿ ಆಯ್ಕೆ. 14.2 ಕಿಲೋ ಅನಿಲಕ್ಕೆ ಸುಮಾರು ಅಷ್ಟೇ ತೂಕದ ಕಬ್ಬಿಣ ಹೊರಬೇಕು. ಮೇಲಾಗಿ ಅದರೊಳಗಿನ ಬ್ಯೂಟೇನ್ ಸೊನ್ನೆಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಮೊದಲು ಪ್ರೊಪೇನ್ ಉರಿದುಹೋಗಿ, ಸಿಲಿಂಡರ್ ಭಾರವಾಗಿದ್ದರೂ ಒಲೆ ಆರುತ್ತದೆ. ಆಗ ಜನ ಸಿಲಿಂಡರನ್ನು ಬುಖಾರಿಯ (ಕೋಣೆ ಬೆಚ್ಚಗಿಡುವ ತಗಡಿನ ಒಲೆಯ) ಪಕ್ಕಕ್ಕೆ ಎಳೆಯುತ್ತಾರೆ. ಅನಾಹುತ ಅಲ್ಲಿಂದಲೇ ಶುರು. ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ನಿಲ್ಲಿಸುವುದಷ್ಟೇ ಸರಿಯಾದ ದಾರಿ.

ಟಾರ್ಪಾಲ್ ಮತ್ತು ಬುಖಾರಿ ಎರಡನ್ನೂ ಒಟ್ಟಿಗೆ ಹಂಚುವವರು ಒಂದು ಅಪಾಯ ಮರೆಯುತ್ತಾರೆ. ಬಿರುಕು ಮುಚ್ಚಲು ಟಾರ್ಪಾಲ್ ಹೊದಿಸಿದ ಕೋಣೆಯಲ್ಲಿ ಬುಖಾರಿ ಉರಿದರೆ, ಚಿಮಣಿಯ ಬಾಯಿಗೆ ಹಿಮ ಕಟ್ಟಿಕೊಂಡರೆ, ಕಾರ್ಬನ್ ಮೊನಾಕ್ಸೈಡ್ ತುಂಬಿ ಮಲಗಿದವರು ಏಳುವುದಿಲ್ಲ. ಪ್ರತಿ ಬುಖಾರಿಗೆ ಮಾಡು ದಾಟುವಷ್ಟು ತಗಡಿನ ಕೊಳವೆ, ಮೇಲೊಂದು ಟೋಪಿ, ಗೋಡೆಯ ಕೆಳಭಾಗದಲ್ಲಿ ಅಂಗೈ ಅಗಲದ ಗಾಳಿಕಿಂಡಿ ಇರಲೇಬೇಕು. ಇದ್ದಿಲಿನ ಅಗ್ಗಿಷ್ಟಿಕೆಯನ್ನು ರಾತ್ರಿ ಕೋಣೆಯಲ್ಲಿ ಇಡಲೇಬಾರದು. ಇನ್ನು ಡೇರೆ: ಹೊಸದಾಗಿ ಬಿದ್ದ 30 ಸೆಂಟಿಮೀಟರ್ ಹಿಮ ಚದರ ಮೀಟರಿಗೆ ಸುಮಾರು 30 ಕಿಲೋ ತೂಗಬಹುದು. 4×4 ಮೀಟರ್ ಡೇರೆಯ ಮೇಲೆ ಅರ್ಧ ಟನ್ ಹತ್ತಿರ ಕೂತಂತೆ. ರಾತ್ರಿ ಎರಡು ಸಲವಾದರೂ ಒಳಗಿನಿಂದ ತಟ್ಟಿ ಉದುರಿಸದಿದ್ದರೆ ಕಂಬ ಮುರಿಯುತ್ತದೆ. ಟಾರ್ಪಾಲಿನ ಲೋಹದ ಕಣ್ಣುಗಳನ್ನು ನಂಬಬೇಡಿ. ಮೂಲೆಯಲ್ಲಿ ಒಂದು ನುಣುಪು ಕಲ್ಲಿಟ್ಟು ಸುತ್ತಿ, ಆ ಗಂಟಿಗೆ ಹಗ್ಗ ಬಿಗಿದರೆ ಬಟ್ಟೆ ಹರಿಯುವುದಿಲ್ಲ.

ಹೊದಿಕೆಯ ಬಗ್ಗೆ ಕರ್ನಾಟಕದಿಂದ ಸಂಗ್ರಹಿಸುವವರಿಗೆ ಒಂದೆರಡು ನೇರ ಮಾತು. ಹತ್ತಿ ಬಟ್ಟೆ, ಹಳೆಯ ಸೀರೆ, ಶಾಲಾ ಸ್ವೆಟರ್ ಬೇಡ. ಒದ್ದೆಯಾದ ಹತ್ತಿ ಮೈಯ ಶಾಖವನ್ನೇ ಹೀರುತ್ತದೆ. ಚಳ್ಳಕೆರೆ ಕಡೆಯ ಕರಿಕಂಬಳಿ ಚುಚ್ಚುತ್ತದೆ, ಭಾರ, ನಿಜ. ಆದರೆ ಉಣ್ಣೆ ತೇವವಾದರೂ ಬೆಚ್ಚಗಿಡುತ್ತದೆ, ಮಿಂಕ್ ಹೊದಿಕೆಗಿಂತ ನನ್ನ ಮತ ಅದಕ್ಕೇ. ಹೊದಿಕೆಯಷ್ಟೇ ಮುಖ್ಯ ಕೆಳಗೆ ಹಾಸುವ ಫೋಮ್ ಮ್ಯಾಟ್. ಇಬ್ಬರಿಗೆ ನಾಲ್ಕು ಕಂಬಳಿ ಕೊಟ್ಟರೂ ನೆಲದಿಂದ ಏರುವ ಚಳಿ ತಡೆಯದಿದ್ದರೆ ನಿದ್ದೆಯಿಲ್ಲ. ಬೂಟು ಕಳಿಸುವುದಾದರೆ ಜೋಡಿಯ ಲೇಸ್ ಒಂದಕ್ಕೊಂದು ಕಟ್ಟಿ, ಅಳತೆಯನ್ನು ಚೀಲದ ಹೊರಗೆ ದಪ್ಪಕ್ಷರದಲ್ಲಿ ಬರೆಯಿರಿ. ಮೈನಸ್ 15ರಲ್ಲಿ ಕೈಗವಸು ಹಾಕಿಕೊಂಡು ಎಡ-ಬಲ ಹುಡುಕುವುದು ಆಗದ ಕೆಲಸ.

ಔಷಧಿಯಲ್ಲಿ ಬಯಲುಸೀಮೆಯ ಬುದ್ಧಿ ತಲೆಕೆಳಗು. ನಾವು ಲಸಿಕೆ, ಇನ್ಸುಲಿನ್ ಬಿಸಿಯಾಗದಂತೆ ಕಾಯುತ್ತೇವೆ, ಅಲ್ಲಿ ಹೆಪ್ಪುಗಟ್ಟದಂತೆ ಕಾಯಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರಬಹುದು, ಬಳಸುವಂತಿಲ್ಲ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟೆಟನಸ್ ಲಸಿಕೆಗಳೂ ಹಾಗೆಯೇ. ಶೀತಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಬದಲು ಕೋಣೆಯ ತಾಪಮಾನದ ನೀರಿನ ಪ್ಯಾಕ್ ಇಡಬೇಕು. ಹೊತ್ತೊಯ್ಯುವವರಾದರೆ ಇನ್ಸುಲಿನ್ನನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ. ಸಿರಪ್ ಬಿಟ್ಟು ಮಾತ್ರೆ, ಗಾಜಿನ ಬಾಟಲಿ ಬಿಟ್ಟು ಪ್ಲಾಸ್ಟಿಕ್. ಹಿಮಗಡಿತಕ್ಕೆ ಹಿಮ ಉಜ್ಜುವುದು, ಬೆಂಕಿಗೆ ಒಡ್ಡುವುದು ಎರಡೂ ಹಾನಿ. 37ರಿಂದ 39 ಡಿಗ್ರಿ ನೀರಿನಲ್ಲಿ ಅದ್ದಬೇಕು, ಅದೂ ಆ ಬೆರಳು ಮತ್ತೆ ಹೆಪ್ಪುಗಟ್ಟುವ ಸಂಭವ ಇಲ್ಲದಿದ್ದರೆ ಮಾತ್ರ.

ಸಾಗಣೆಯಲ್ಲಿ ಮೊದಲು ಕೈಕೊಡುವುದು ಡೀಸೆಲ್. ಮಾಮೂಲಿ ಡೀಸೆಲ್ಲಿನ ಮೇಣ ಕಡುಚಳಿಗೆ ಹರಳುಗಟ್ಟಿ ಫಿಲ್ಟರ್ ಕಟ್ಟುತ್ತದೆ, ಬೆಳಿಗ್ಗೆ ಲಾರಿ ಕೆಮ್ಮಿ ನಿಲ್ಲುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವುದು ಹಳೆಯ ಡ್ರೈವರುಗಳ ಪದ್ಧತಿ, ಸೀಮೆಎಣ್ಣೆ ಬೆರೆಸುವುದು ಇನ್ನೊಂದು. ಮೊದಲನೆಯದು ಲಾರಿಯನ್ನೇ ಸುಡಬಹುದು, ಎರಡನೆಯದು ಈಗಿನ ಬಿಎಸ್-6 ಎಂಜಿನ್ನುಗಳ ಪಂಪು-ಇಂಜೆಕ್ಟರನ್ನು ಸವೆಸುತ್ತದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆಂದು ತಂದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿವರೆಗೂ ಹರಿಯುವಂಥದ್ದು. ಮೇಲೆ ಹೋಗುವ ಮುಂಚೆ ಟ್ಯಾಂಕಿನ ಹಳೆಯ ಎಣ್ಣೆ ಖಾಲಿಯಾಗುವಂತೆ ನೋಡಿ ಅದನ್ನು ತುಂಬಿಸಬೇಕು, ಬೆರಕೆಯಾದರೆ ಅಷ್ಟು ಚಳಿ ತಾಳುವುದಿಲ್ಲ. ಲಿಥಿಯಂ ಬ್ಯಾಟರಿಯ ದೀಪಗಳನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಬ್ಯಾಟರಿ ಶಾಶ್ವತವಾಗಿ ಹಾಳು. ಸೌರಫಲಕ ಹೊರಗಿರಲಿ, ದೀಪ ಒಳಗಿರಲಿ.

ಹೆಲಿಕಾಪ್ಟರಿನ ವಿಷಯದಲ್ಲಿ ಜನ ಚಳಿಯನ್ನು ದೂರುತ್ತಾರೆ. ಚಳಿ ವಾಸ್ತವವಾಗಿ ಉಪಕಾರಿ, ತಣ್ಣನೆಯ ಗಾಳಿ ದಟ್ಟ, ರೆಕ್ಕೆಗೆ ಹಿಡಿತ ಹೆಚ್ಚು. ತೊಂದರೆ ಎತ್ತರದ್ದು: 3,500 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 70ರಷ್ಟು ಮಾತ್ರ. ಬೆಂಗಳೂರಿನ ಎಚ್ಎಎಲ್‌ನಲ್ಲಿ ತಯಾರಾದ ಚೀತಾ, ಧ್ರುವ್ ಈ ಎತ್ತರಗಳಿಗೆ ಏರಬಲ್ಲವು, ಆದರೆ ಏರಿದಷ್ಟೂ ಹೊರುವ ತೂಕ ಇಳಿಯುತ್ತದೆ. ಪ್ರತಿ ಚೀಲದ ಮೇಲೆ ನಿಜವಾದ ತೂಕ ಬರೆದಿರಬೇಕು. ‘ಸುಮಾರು’ ಎಂಬ ಮಾತನ್ನು ಪೈಲಟ್ ಕೇಳಿಸಿಕೊಳ್ಳುವುದಿಲ್ಲ, ಚೀಲ ಇಳಿಸಿಬಿಡುತ್ತಾರೆ. ಇಳಿಯುವಾಗಿನ ದೊಡ್ಡ ಅಪಾಯ ಹುಡಿಹಿಮ. ರೆಕ್ಕೆಯ ಗಾಳಿಗೆ ಅದೆದ್ದು ಪೈಲಟ್‌ಗೆ ನೆಲ-ಆಕಾಶ ಒಂದೇ ಬಿಳುಪಾಗುತ್ತದೆ. ಹಾಗಾಗಿ ಹಳ್ಳಿಯವರು ಹಿಂದಿನ ದಿನವೇ 30×30 ಮೀಟರ್ ಜಾಗವನ್ನು ಸಾಲಾಗಿ ನಡೆದು ತುಳಿದು ಗಟ್ಟಿ ಮಾಡಬೇಕು. ರಾತ್ರಿಯಲ್ಲಿ ಅದು ಇನ್ನೂ ಬಿಗಿಯುತ್ತದೆ. ಬೂದಿಯಿಂದಲೋ ಬಣ್ಣದ ಪುಡಿಯಿಂದಲೋ ಗುರುತು ಹಾಕಿ, ಗಾಳಿಯ ದಿಕ್ಕು ತೋರಲು ಹೊಗೆ ಎಬ್ಬಿಸಿ. ಬಟ್ಟೆ, ಟಾರ್ಪಾಲ್ ಸಡಿಲವಾಗಿ ಹಾಸಿದರೆ ಹಾರಿ ರೆಕ್ಕೆಗೆ ಸಿಗುತ್ತದೆ. ಇಳಿಜಾರಿನಲ್ಲಿ ನಿಂತ ಹೆಲಿಕಾಪ್ಟರಿನ ಬಳಿಗೆ ಕೆಳಗಿನ ಬದಿಯಿಂದ, ಪೈಲಟ್ ಕಣ್ಣಿಗೆ ಬೀಳುವಂತೆ ಹೋಗಬೇಕು. ಮೇಲಿನ ಬದಿಯಲ್ಲಿ ರೆಕ್ಕೆ ತಲೆಯ ಮಟ್ಟಕ್ಕೇ ಬರುತ್ತದೆ. ವಾಪಸ್ ಹಾರಾಟದಲ್ಲಿ ಯಾರು ಹೋಗಬೇಕು ಎಂಬ ಪಟ್ಟಿ, ಗರ್ಭಿಣಿಯರು ಮತ್ತು ರೋಗಿಗಳು ಮೊದಲು, ರಾತ್ರಿಯೇ ತೀರ್ಮಾನವಾಗಿರಲಿ. ಎಂಜಿನ್ ನಡೆಯುತ್ತಿರುವಾಗ ಅಲ್ಲಿ ಜಗಳಕ್ಕೆ ಸಮಯವಿಲ್ಲ.

ಇಳಿಯಲು ಆಗದೆ ಮೇಲಿಂದಲೇ ಬೀಳಿಸುವುದಾದರೆ ಧಾನ್ಯವನ್ನು ಚೀಲದೊಳಗೆ ಚೀಲ ಮಾಡಿ, ಹೊರಚೀಲ ಸಡಿಲವಾಗಿರಲಿ. ಒಳಗಿನದು ಒಡೆದರೂ ಕಾಳು ಹೊರಚೀಲದಲ್ಲಿ ಉಳಿಯುತ್ತದೆ. ಎಣ್ಣೆ, ಔಷಧಿ ಹೀಗೆ ಬೀಳಿಸಬೇಡಿ.

ಕಾಲ್ನಡಿಗೆಯ ತಂಡಕ್ಕೆ ಗಡಿಯಾರವೇ ದೊಡ್ಡ ಆಯುಧ. ದಟ್ಟ ಹಿಮಪಾತ ನಿಂತ ಮೇಲೆ ಕನಿಷ್ಠ 24ರಿಂದ 48 ಗಂಟೆ ಕಾಯಬೇಕು, ಹಿಮಕುಸಿತದ ಅಧ್ಯಯನ ಮಾಡುವ ರಕ್ಷಣಾ ಸಂಶೋಧನಾ ಪ್ರಯೋಗಾಲಯವಾದ ಚಂಡೀಗಢದ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಎಚ್ಚರಿಕೆ ನೋಡಬೇಕು. ಮಧ್ಯರಾತ್ರಿ ಕಳೆದು ಹೊರಟು, ಬಿಸಿಲು ಇಳಿಜಾರಿಗೆ ಬೀಳುವ ಮುಂಚೆ ನಾಲಾಗಳನ್ನು, ಅಂದರೆ ಬೆಟ್ಟದ ಕೊರಕಲುಗಳನ್ನು, ದಾಟಿ ಮುಗಿಸಬೇಕು. 30ರಿಂದ 45 ಡಿಗ್ರಿ ಇಳಿಜಾರುಗಳೇ ಹೆಚ್ಚು ಕುಸಿಯುವುದು. ಅಲ್ಲಿ ಒಬ್ಬೊಬ್ಬರಾಗಿ, ಬೆನ್ನುಚೀಲದ ಎದೆಪಟ್ಟಿ ಬಿಚ್ಚಿಕೊಂಡು ದಾಟಬೇಕು, ಉಳಿದವರು ಕಣ್ಣು ಕೀಳದೆ ನೋಡುತ್ತಿರಬೇಕು. ಕಾಲಡಿಯಲ್ಲಿ ‘ಧುಮ್’ ಎಂದು ಹಿಮ ಕುಗ್ಗಿದ ಸದ್ದು ಬಂದರೆ ಹಿಂತಿರುಗುವುದೊಂದೇ ದಾರಿ. ಹೂತುಹೋದವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, 35 ನಿಮಿಷವಾದರೆ ಮೂವರಲ್ಲಿ ಒಬ್ಬರು. ಹೊರಗಿನ ನೆರವು ಆ ಹೊತ್ತಿಗೆ ಬರುವುದಿಲ್ಲ. ಹಾಗಾಗಿ ಸಂಕೇತ ಕಳಿಸುವ ಬೀಕನ್, ಚುಚ್ಚಿ ನೋಡುವ ಉದ್ದ ಕೋಲು, ಸನಿಕೆ, ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಸನಿಕೆ ಇಲ್ಲದ ಬೀಕನ್ ಹೆಣದ ಜಾಗವನ್ನು ತೋರಿಸುತ್ತದೆ ಅಷ್ಟೇ.

ಜಾನುವಾರಿನ ಲೆಕ್ಕವನ್ನು ಪಟ್ಟಿಯ ಕೊನೆಗೆ ತಳ್ಳುವುದು ರೂಢಿಯಾಗಿಬಿಟ್ಟಿದೆ. 250 ಕಿಲೋ ತೂಕದ ಒಂದು ಹಸುವಿಗೆ ದಿನಕ್ಕೆ ಆರೇಳು ಕಿಲೋ ಒಣಮೇವು ಬೇಕು, ನಾಲ್ಕು ಹಸುವಿಗೆ ತಿಂಗಳಿಗೆ 750 ಕಿಲೋ ಮೇಲೆ. ಇದನ್ನು ಹೆಲಿಕಾಪ್ಟರಿನಲ್ಲಿ ಒಯ್ಯುವ ಮಾತೇ ಇಲ್ಲ. ಒತ್ತಿ ಕಟ್ಟಿದ ಮೇವಿನ ಇಟ್ಟಿಗೆಗಳು ಸೆಪ್ಟೆಂಬರ್ ಲಾರಿಯಲ್ಲೇ ಹತ್ತಬೇಕು. ಆ ಲಾರಿಯ ಲೆಕ್ಕವನ್ನು ಮಾರ್ಚಿಗೆ ಮುಗಿಸಬೇಡಿ. ಮಾರ್ಚ್-ಏಪ್ರಿಲ್‌ನಲ್ಲಿ ಹಿಮ ಮೆತ್ತಗಾಗಿ ಜೀಪೂ ಹೋಗದು, ಕಾಲೂ ನಿಲ್ಲದು, ಕುಸಿತ ಹೆಚ್ಚು. ಕಣಜದ ತಳ ಕಾಣುವುದೂ ಆಗಲೇ. ಆರು ತಿಂಗಳ ದಾಸ್ತಾನಿಗೆ ಇನ್ನೂ ಮೂರು ವಾರದ್ದು ಸೇರಿಸಿ. ರಸ್ತೆ ತೆರೆದ ಮೇಲೆ ಹೋಗುವ ಮೊದಲ ಗಾಡಿಗೆ ಏನು ಹಾಕಬೇಕೆಂದು ಕೇಳುವಾಗ, ಬಿತ್ತನೆಯ ಬಾರ್ಲಿ, ಬಟಾಣಿ ಉಳಿದಿದೆಯೇ ಎಂದೂ ಕೇಳಿ.